ಆಂಬುಲೆನ್ಸ್ ಬರುವ ತನಕದ ವಿದ್ಯೆ

ರಾತ್ರಿ ಎರಡು ಗಂಟೆ. ಬಿಜೂರಿನಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ, ತೆಂಗಿನ ತೋಟದ ನಡುವೆ ಒಂದು ಮನೆ. ನಿಮ್ಮ ಮನೆಯೇ ಎಂದುಕೊಳ್ಳಿ. ಯಜಮಾನರಿಗೆ ಅರವತ್ತು ದಾಟಿದೆ. ಮಂಚದ ಮೇಲೆ ಎದ್ದು ಕೂತಿದ್ದಾರೆ, ಬನಿಯನ್ ಬೆವರಿನಿಂದ ಒದ್ದೆಯಾಗಿದೆ, ಎದೆಯ ಮೇಲೆ ಕಲ್ಲು ಹೇರಿದ ಹಾಗೆ ಆಗುತ್ತಿದೆ ಎನ್ನುತ್ತಾರೆ. 'ಗ್ಯಾಸ್ ಇರಬೇಕು' ಎಂದೂ ಅವರೇ ಹೇಳುತ್ತಾರೆ. ಮನೆಯಲ್ಲಿರುವವರು ಪತ್ನಿ, ಸೊಸೆ ಮತ್ತು ಹತ್ತನೇ ತರಗತಿಯ ಮೊಮ್ಮಗಳು. ಮಗ ದಮ್ಮಾಮ್‌ನಲ್ಲಿ. ಒಬ್ಬರು ಜೀರಿಗೆ ಕಷಾಯಕ್ಕೆ ನೀರಿಡುತ್ತಾರೆ, ಇನ್ನೊಬ್ಬರು ದಮ್ಮಾಮ್‌ಗೆ ಫೋನ್ ಮಾಡುತ್ತಾರೆ. ಮಗ ಅಲ್ಲಿಂದ ಊರಿನ ಗೆಳೆಯನನ್ನು ಎಬ್ಬಿಸುತ್ತಾನೆ, ಗೆಳೆಯ ಕಾರಿರುವವನನ್ನು ಎಬ್ಬಿಸುತ್ತಾನೆ. ಕಾರು ಅಂಗಳಕ್ಕೆ ಬರುವಾಗ ಮುಕ್ಕಾಲು ಗಂಟೆ ಹೋಗಿರುತ್ತದೆ. ಅಲ್ಲಿಂದ ಕುಂದಾಪುರಕ್ಕೆ ಇನ್ನೂ ಅರ್ಧ ಗಂಟೆಯ ದಾರಿ. ಮಣಿಪಾಲಕ್ಕಾದರೆ ಒಂದು ಗಂಟೆಗೂ ಹೆಚ್ಚು.

ಗಲ್ಫ್‌ನ ದುಡಿಮೆಯನ್ನೇ ನಂಬಿರುವ ನಮ್ಮ ಕರಾವಳಿಯ ಮನೆಗಳಲ್ಲಿ ಇದು ಅಪರೂಪದ ದೃಶ್ಯವಲ್ಲ. ಗಂಡಸರು ಕಡಲಾಚೆ, ಹಿರಿಯರೂ ಹೆಂಗಸರೂ ಮಕ್ಕಳೂ ಇಲ್ಲಿ. ಹಾಗಾಗಿ ತುರ್ತು ಹೊತ್ತಿನಲ್ಲಿ ರೋಗಿಯ ಬಳಿ ಮೊದಲು ಇರುವವರು ನೀವೇ, ಈ ಪುಟ ಓದುತ್ತಿರುವ ಉಮ್ಮ, ಸೊಸೆ, ಮಗಳು. 108ರ ಬಿಳಿ ವಾಹನದಿಂದ ಇಳಿದು ಬರುವ ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞ, ಎರಡನೆಯವರು. ಆ ತಂತ್ರಜ್ಞರು ತರಬೇತಿಯ ಮೊದಲ ವಾರಗಳಲ್ಲಿ ಏನು ಕಲಿಯುತ್ತಾರೋ ಅದರ ಅರ್ಧದಷ್ಟನ್ನು ಮನೆಯಲ್ಲಿ ಯಾರೂ ಕಲಿಯಬಹುದು. ದುಬಾರಿ ಯಂತ್ರ ಬೇಡ, ಇಂಗ್ಲಿಷ್ ಬೇಡ. ಈ ಸಲ ಅದನ್ನೇ ನೋಡೋಣ. ನಿಮ್ಮ ಮಗನೋ ಮಗಳೋ ಈ ಕೆಲಸಕ್ಕೇ ಹೋಗಬಯಸಿದರೆ ಎಂಬುದನ್ನು ಕೊನೆಗೆ ಮಾತಾಡೋಣ.

ಕರ್ನಾಟಕದಲ್ಲಿ 108 ಆಂಬುಲೆನ್ಸ್ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ ಶುರುವಾದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಅದಕ್ಕೂ ಮೊದಲು ಆಂಬುಲೆನ್ಸ್ ಎಂದರೆ ಹೆಚ್ಚಾಗಿ ಒಂದು ವ್ಯಾನ್, ಒಂದು ಸ್ಟ್ರೆಚರ್, ಒಬ್ಬ ಡ್ರೈವರ್. ರೋಗಿಯ ಪಕ್ಕ ಕೂತು ಉಸಿರು ನೋಡುವ, ಆಮ್ಲಜನಕ ಕೊಡುವ, ರಕ್ತ ನಿಲ್ಲಿಸುವ ತರಬೇತಿ ಪಡೆದ ಒಬ್ಬ ಮನುಷ್ಯ ಒಳಗೆ ಇರಬೇಕು ಎಂಬುದು ಆಗ ನಮಗೆ ಹೊಸತು. ಜಗತ್ತಿಗೂ ಅದು ಬಹಳ ಹಳೆಯದೇನಲ್ಲ. ಎದೆಯನ್ನು ಹೊರಗಿನಿಂದ ಒತ್ತಿ ನಿಂತ ಹೃದಯಕ್ಕೆ ಆಸರೆ ಕೊಡಬಹುದು ಎಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಮೂವರು ಸಂಶೋಧಕರು ಪ್ರಕಟಿಸಿದ್ದು 1960ರಲ್ಲಿ. ಅದಾಗಿ ಏಳು ವರ್ಷಕ್ಕೆ, 1967ರಲ್ಲಿ, ಪಿಟ್ಸ್‌ಬರ್ಗ್ ನಗರದಲ್ಲಿ 'ಫ್ರೀಡಮ್ ಹೌಸ್' ಎಂಬ ಆಂಬುಲೆನ್ಸ್ ಸೇವೆ ಹುಟ್ಟಿತು. ಕೆಲಸಕ್ಕೆ ಬಾರದವರು ಎಂದು ಊರು ಬದಿಗೆ ಸರಿಸಿದ್ದ ಕರಿಯ ಯುವಕರನ್ನು ಆರಿಸಿ, ಡಾ. ಪೀಟರ್ ಸಫರ್ ಎಂಬ ವೈದ್ಯರು ತಿಂಗಳುಗಟ್ಟಲೆ ತರಬೇತಿ ಕೊಟ್ಟರು. ಇಂದಿನ ಪ್ಯಾರಾಮೆಡಿಕ್ ತರಬೇತಿಗೆ ಆ ಹುಡುಗರ ಪಾಠವೇ ಒಂದು ಅಡಿಗಲ್ಲು. ನಮ್ಮ ಚರಿತ್ರೆಯಲ್ಲಿ ನೋಡಿದರೆ ಮದೀನಾದಲ್ಲಿ ಗಾಯಾಳುಗಳಿಗಾಗಿ ಡೇರೆ ಹಾಕಿ ಆರೈಕೆ ಮಾಡಿದ ರುಫೈದಾ ಅಲ್ ಅಸ್ಲಮಿಯ್ಯಾರ ಹೆಸರು ಇದ್ದೇ ಇದೆ. ಈ ಕೆಲಸ ಹೆಂಗಸರಿಗೆ ಹೊಸತು ಎನ್ನುವವರಿಗೆ ಅಷ್ಟು ನೆನಪಿಸಿದರೆ ಸಾಕು.

ಮೊದಲ ಪಾಠ: ನೀವು ಉಳಿಯಬೇಕು

ಇಎಂಟಿ ತರಬೇತಿಯ ಮೊದಲ ಪಾಠ ಹೃದಯದ್ದೂ ಅಲ್ಲ, ರಕ್ತದ್ದೂ ಅಲ್ಲ. ಸ್ಥಳಕ್ಕೆ ಬಂದವನು ಮೊದಲು ನಿಂತು ನೋಡಬೇಕು, ಅಷ್ಟೇ. ಅಪಾಯ ಇನ್ನೂ ಅಲ್ಲೇ ಇದೆಯೇ? ನಾನೂ ಅದರಲ್ಲಿ ಬೀಳುತ್ತೇನೆಯೇ?

ಈ ಪಾಠಕ್ಕೆ ನಮ್ಮ ತಾಲೂಕೇ ಒಂದು ಕಹಿ ಉದಾಹರಣೆ ಕೊಟ್ಟಿದೆ. 2022ರ ಜುಲೈ 20ರಂದು, ಸುರಿಯುವ ಮಳೆಯಲ್ಲಿ, ಹೊನ್ನಾವರ ಕಡೆಯಿಂದ ರೋಗಿಯನ್ನು ಹೊತ್ತು ವೇಗವಾಗಿ ಬರುತ್ತಿದ್ದ ಒಂದು ಆಂಬುಲೆನ್ಸ್ ಶಿರೂರಿನ ಟೋಲ್‌ಗೇಟ್ ಬಳಿ ಒದ್ದೆ ರಸ್ತೆಯಲ್ಲಿ ಜಾರಿ, ತಿರುಗಿ, ಟೋಲ್ ಕಟ್ಟೆಗೆ ಬಡಿಯಿತು. ರೋಗಿಯೂ ಜೊತೆಯಲ್ಲಿದ್ದ ಕೆಲವರೂ ಪ್ರಾಣ ಕಳೆದುಕೊಂಡರು. ಅದರ ವಿಡಿಯೊವನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿರುತ್ತೀರಿ. ವಾಹನದೊಳಗೆ ಬೆಲ್ಟ್ ಇಲ್ಲದೆ, ಹಿಡಿಕೆ ಇಲ್ಲದೆ ನಿಂತುಕೊಂಡು ಹೋಗುವ ಸಂಬಂಧಿಕರನ್ನು ನಾವು ದಿನವೂ ನೋಡುತ್ತೇವೆ. ತರಬೇತಿಯಲ್ಲಿ ಹೇಳುವುದು ಬೇರೆಯೇ: ರೋಗಿಗೆ ಬೆಲ್ಟ್ ಹಾಕಿ, ಜೊತೆಗೆ ಹೋಗುವವರು ಒಬ್ಬರೇ ಇರಲಿ, ಅವರೂ ಕೂತು ಬೆಲ್ಟ್ ಹಾಕಿಕೊಳ್ಳಲಿ. ಡ್ರೈವರ್‌ಗೆ 'ಬೇಗ ಬೇಗ' ಎಂದು ಹಿಂದಿನಿಂದ ಕೂಗಬೇಡಿ. ವೇಗ ಹೆಚ್ಚಿಸಿ ಉಳಿಸುವ ನಿಮಿಷಗಳು ಬೆರಳೆಣಿಕೆಯಷ್ಟು. ಫೋನನ್ನು ತಡವಾಗಿ ಮಾಡಿ ನಾವು ಕಳೆದುಕೊಂಡದ್ದು ಅದಕ್ಕಿಂತ ಎಷ್ಟೋ ಹೆಚ್ಚು.

ಮನೆಯಲ್ಲಿ ಇದೇ ಪಾಠ ಹೀಗೆ ಬರುತ್ತದೆ. ಪಂಪ್‌ಸೆಟ್ ಬಳಿ ಬಿದ್ದವರನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ತೆಗೆಯಿರಿ. ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಲೈಟ್ ಹಾಕಬೇಡಿ, ಫ್ಯಾನ್ ಹಾಕಬೇಡಿ, ಬಾಗಿಲು ತೆರೆಯಿರಿ. ಆ ಅನಿಲ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ಹರಡಿ ಕೂತಿರುತ್ತದೆ. ಹೆದ್ದಾರಿಯಲ್ಲಿ ಅಪಘಾತ ನೋಡಿದರೆ ನಿಮ್ಮ ಗಾಡಿಯನ್ನು ಬದಿಗೆ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಒಬ್ಬರನ್ನು ದೂರದಲ್ಲಿ ನಿಲ್ಲಿಸಿ ಬರುವ ವಾಹನಗಳಿಗೆ ಕೈ ಬೀಸಲು ಹೇಳಿ. ಆಮೇಲೆ ಗಾಯಾಳು.

ನೀರಿನ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಮಳೆಗಾಲದಲ್ಲಿ ನಮ್ಮ ಕಡೆಯ ತೋಡು, ಹೊಳೆ, ಕಾಲುಸಂಕಗಳ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. 2022ರ ಆಗಸ್ಟ್‌ನಲ್ಲಿ ಇದೇ ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿ ಕಾಲುಸಂಕದಿಂದ ಜಾರಿ ನೀರುಪಾಲಾದದ್ದು ಊರಿಗೆ ಊರೇ ಅತ್ತ ಸುದ್ದಿ. ಮುಳುಗುವವರನ್ನು ನೋಡಿ ಈಜು ಬಾರದವರು ಹಾರಿದರೆ ಎರಡು ಮಯ್ಯತ್ ಆಗುತ್ತದೆ. ಬಾವಿಯ ಹಗ್ಗ ಎಸೆಯಿರಿ, ತೆಂಗಿನಕಾಯಿ ಕೀಳುವ ದೋಟಿ ಚಾಚಿ, ಮುಚ್ಚಳ ಹಾಕಿದ ಖಾಲಿ ಕ್ಯಾನ್ ಎಸೆಯಿರಿ. ಮೇಲೆ ತಂದ ನಂತರ ಮಗುವನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಎರಡೂ ತಪ್ಪು. ಹೊಟ್ಟೆಯ ನೀರು ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಉಸಿರು ಕೊಡಬೇಕಾದ ಹೊತ್ತು ಅದರಲ್ಲೇ ಕಳೆಯುತ್ತದೆ.

ನೋಡುವ ಕ್ರಮ

ಎರಡನೆಯದು ನೋಡುವ ಕ್ರಮ. ಹೊಸಬರ ಕಣ್ಣು ರಕ್ತಕ್ಕೆ ಹೋಗುತ್ತದೆ, ಕೂಗಾಟಕ್ಕೆ ಹೋಗುತ್ತದೆ. ತರಬೇತಾದವರ ಕಣ್ಣು ಸುಮ್ಮನೆ ಬಿದ್ದಿರುವವನ ಕಡೆ ಹೋಗುತ್ತದೆ. ಕೂಗುವವನಿಗೆ ಕನಿಷ್ಠ ಉಸಿರಾದರೂ ಇದೆ. ರಭಸವಾಗಿ ಚಿಮ್ಮುವ ರಕ್ತವಿದ್ದರೆ ಅದನ್ನು ಮೊದಲು ಒತ್ತಿ ಹಿಡಿಯಬೇಕು. ಉಳಿದಂತೆ ಕ್ರಮ ಇದು: ಉಸಿರಿನ ದಾರಿ ತೆರೆದಿದೆಯೇ, ಉಸಿರು ಆಡುತ್ತಿದೆಯೇ, ರಕ್ತ ಓಡುತ್ತಿದೆಯೇ, ಪ್ರಜ್ಞೆ ಎಷ್ಟಿದೆ. ಕೊನೆಗೆ ಬಟ್ಟೆ ಸರಿಸಿ ಮೈ ನೋಡುವುದು, ನೋಡಿದ ಕೂಡಲೇ ಮತ್ತೆ ಹೊದಿಸುವುದು. ನಮ್ಮವರಿಗೆ ಆ ಹೊದಿಸುವ ಮಾತು ಮುಖ್ಯವಾದ್ದರಿಂದ ಹೇಳುತ್ತೇನೆ, ಅದು ತರಬೇತಿಯ ಪುಸ್ತಕದಲ್ಲೇ ಇದೆ. ರೋಗಿಯ ಮರ್ಯಾದೆಗೂ ಹೌದು, ಮೈಯ ಬಿಸಿ ಉಳಿಯಲಿಕ್ಕೂ ಹೌದು.

ಈ ಕ್ರಮದ ಹಿಂದೆ ಒಂದು ಸರಳ ಲೆಕ್ಕವಿದೆ. ಆಮ್ಲಜನಕ ಸಿಗದಿದ್ದರೆ ನಾಲ್ಕರಿಂದ ಆರು ನಿಮಿಷದಲ್ಲಿ ಮಿದುಳು ಕೆಡಲು ಶುರುವಾಗುತ್ತದೆ. ಮುರಿದ ಕೈಗೆ ಗಂಟೆಗಟ್ಟಲೆ ಸಮಯವಿದೆ, ಮುಚ್ಚಿದ ಗಂಟಲಿಗೆ ಇಲ್ಲ. ಪ್ರಜ್ಞೆ ತಪ್ಪಿ ಅಂಗಾತ ಬಿದ್ದವರ ನಾಲಿಗೆ ಹಿಂದಕ್ಕೆ ಸರಿದು ದಾರಿ ಮುಚ್ಚುತ್ತದೆ. ಹಣೆಯನ್ನು ಹಿಂದಕ್ಕೆ ಬಾಗಿಸಿ ಗಲ್ಲವನ್ನು ಎತ್ತಿದರೆ ಎಷ್ಟೋ ಸಲ ಅಷ್ಟಕ್ಕೇ ಗೊರಗೊರ ನಿಂತು ಉಸಿರು ಸರಾಗವಾಗುತ್ತದೆ. ಉಸಿರಾಡುತ್ತಿದ್ದಾರೆ, ಎಚ್ಚರವಿಲ್ಲ, ಬೇರೆ ಪೆಟ್ಟೂ ಆಗಿಲ್ಲ ಎಂದಾದರೆ ಒಂದು ಮಗ್ಗುಲಿಗೆ ಮಲಗಿಸಿ. ವಾಂತಿಯಾದರೂ ಹೊರಗೆ ಹೋಗುತ್ತದೆ. ಎತ್ತರದಿಂದ ಬಿದ್ದವರನ್ನು, ಅಪಘಾತದವರನ್ನು ಮಾತ್ರ ಎಳೆದಾಡಬೇಡಿ, ಕುತ್ತಿಗೆ ಅಲುಗದಂತೆ ಎರಡು ಕೈಯಲ್ಲಿ ತಲೆ ಹಿಡಿದು ಕೂರಿ.

ಇಲ್ಲಿ ಒಂದು ಕಠಿಣ ಮಾತು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ನೀರು ಬೇಡ, ಸಕ್ಕರೆ ನೀರು ಬೇಡ, ಪ್ರೀತಿಯಿಂದ ತೆಗೆದಿಟ್ಟ ಝಂಝಂ ಕೂಡ ಆ ಹೊತ್ತಿಗೆ ಬೇಡ. ನುಂಗುವ ಶಕ್ತಿ ಇಲ್ಲದಾಗ ಅದು ಇಳಿಯುವುದು ಶ್ವಾಸಕೋಶಕ್ಕೆ. ಫಿಟ್ಸ್ ಬಂದವರ ಕೈಯಲ್ಲಿ ಕಬ್ಬಿಣದ ಬೀಗದ ಕೈ ಇಡುವುದರಿಂದಲೂ ಪ್ರಯೋಜನವಿಲ್ಲ. ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಸುತ್ತಲಿನ ಕುರ್ಚಿ ಮೇಜು ಸರಿಸಿ, ಗಡಿಯಾರ ನೋಡಿ. ಐದು ನಿಮಿಷಕ್ಕೂ ನಿಲ್ಲದಿದ್ದರೆ ಅದು ತುರ್ತು.

ಎಣಿಸಲು ಕಲಿಯಿರಿ. ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20, ನಾಡಿ 60ರಿಂದ 100. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೊರೊನಾ ಕಾಲದಲ್ಲಿ ಕೊಂಡದ್ದು ಮನೆಯಲ್ಲಿದ್ದರೆ ಸಾಧಾರಣವಾಗಿ 95ರ ಮೇಲೆ ತೋರಿಸಬೇಕು. ಆದರೆ ಯಂತ್ರಕ್ಕಿಂತ ಮೊದಲು ನಿಮ್ಮ ಕಣ್ಣು. ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ತೆಗೆಯುವ ಉಬ್ಬಸದ ರೋಗಿಯನ್ನು ದಯವಿಟ್ಟು ಮಲಗಿಸಬೇಡಿ. 'ಮಲಗಿ, ವಿಶ್ರಾಂತಿ ತಗೊಳ್ಳಿ' ಎಂದು ಒತ್ತಾಯಿಸುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಕೂತು, ಮುಂದಕ್ಕೆ ಬಾಗಿ, ಮೇಜಿಗೆ ಕೈ ಊರಿದರೆ ಅವರಿಗೆ ಉಸಿರು ಸುಲಭ. ಮೆಟ್ಟಿಲು ಇಳಿಸಬೇಕಾದರೆ ನಡೆಸಬೇಡಿ, ಗಟ್ಟಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹಿಡಿದು ಇಳಿಸಿ. ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ ಎತ್ತಿ. ತಿಂಗಳುಗಟ್ಟಲೆ ಸೊಂಟನೋವು ತಿನ್ನುವ ಆಂಬುಲೆನ್ಸ್ ಸಿಬ್ಬಂದಿಯೇ ಇದಕ್ಕೆ ಸಾಕ್ಷಿ.

ಎದೆ ಒತ್ತುವ ಕೆಲಸ

ಈಗ ಆ ರಾತ್ರಿಯ ಮನೆಗೆ ಮರಳೋಣ. ಎದೆ ಬಿಗಿತ, ಬೆವರು, ಎಡಗೈಗೋ ದವಡೆಗೋ ಹಬ್ಬುವ ನೋವು ಇದ್ದರೆ ಗ್ಯಾಸ್ ಎಂದು ನಿರ್ಧರಿಸುವ ಹಕ್ಕು ನಿಮಗೂ ಇಲ್ಲ, ರೋಗಿಗೂ ಇಲ್ಲ. ಅದನ್ನು ಹೇಳಬೇಕಾದದ್ದು ಇಸಿಜಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ, ವಾಕರಿಕೆಯಾಗಿಯೂ ಹೃದಯಾಘಾತ ಬರುತ್ತದೆ. ಮೊದಲ ಫೋನ್ 108ಕ್ಕೆ. 112 ಕೂಡ ನಡೆಯುತ್ತದೆ. ದಮ್ಮಾಮ್ ಎರಡನೆಯದು. ರೋಗಿ ಕೂತಿರಲಿ, ನಡೆಯುವುದು ಬೇಡ. ಅಲರ್ಜಿ, ಹೊಟ್ಟೆಯ ರಕ್ತಸ್ರಾವದಂಥ ತೊಂದರೆ ಇಲ್ಲದಿದ್ದರೆ ಆಸ್ಪಿರಿನ್ 300 ಮಿಲಿಗ್ರಾಂ ಅಗಿದು ನುಂಗಲು ಫೋನಿನಲ್ಲೇ ಸೂಚಿಸಬಹುದು, ಕೇಳಿ ಕೊಡಿ. ಸರಕಾರದ 'ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆ 2023ರಲ್ಲಿ ಬಂದ ಮೇಲೆ, ಅದಕ್ಕೆ ಸೇರಿದ ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ನೋಡಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಆ ಮದ್ದಿನ ಗುಣ ಪೂರ್ತಿ ಸಮಯದ ಮೇಲೆ ನಿಂತಿದೆ. ಮೊದಲ ಒಂದೆರಡು ಗಂಟೆಯಲ್ಲಿ ಸಿಕ್ಕಿದರೆ ಬಹಳ ಲಾಭ, ತಡವಾದಷ್ಟೂ ಕಡಿಮೆ.

ಮಾತಾಡುತ್ತಿದ್ದವರು ಕುಸಿದು ಬಿದ್ದರೆ? ಭುಜ ತಟ್ಟಿ ಜೋರಾಗಿ ಕರೆಯಿರಿ. ಓಗೊಡುವುದಿಲ್ಲ, ಎದೆ ಏರಿಳಿಯುವುದಿಲ್ಲ ಅಥವಾ ಮೀನು ದಡಕ್ಕೆ ಬಿದ್ದಾಗ ಬಾಯಿ ಬಿಡುವ ಹಾಗೆ ಆಗೊಮ್ಮೆ ಈಗೊಮ್ಮೆ ಏದುಸಿರು. ಈ ಏದುಸಿರನ್ನು 'ಉಸಿರಿದೆ' ಎಂದು ತಿಳಿಯುವುದು ಅತಿ ದೊಡ್ಡ ಮೋಸ. ಅದು ಉಸಿರಲ್ಲ, ಹೃದಯ ನಿಂತ ಗುರುತು. ಹಾಸಿಗೆಯಿಂದ ನೆಲಕ್ಕೆ ಇಳಿಸಿ. ಮೆತ್ತನೆಯ ಹಾಸಿಗೆಯಲ್ಲಿ ನೀವು ಒತ್ತುವುದು ಹಾಸಿಗೆಯನ್ನು, ಹೃದಯವನ್ನಲ್ಲ. ಎದೆಯ ನಡುವಿನ ಎಲುಬಿನ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ನೇರ. 5ರಿಂದ 6 ಸೆಂಟಿಮೀಟರ್ ಆಳಕ್ಕೆ, ಅಂದರೆ ಎರಡು ಅಂಗುಲಕ್ಕೆ ಸ್ವಲ್ಪ ಮೇಲೆ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೆ ಬರಲಿ, ಹೃದಯ ತುಂಬಿಕೊಳ್ಳುವುದು ಆಗಲೇ. ತರಬೇತಿ ಇದ್ದರೆ 30 ಒತ್ತಿಗೆ 2 ಉಸಿರು. ಇಲ್ಲದಿದ್ದರೆ ಒತ್ತುವುದನ್ನು ಮಾತ್ರ ನಿಲ್ಲಿಸದೆ ಮಾಡಿ. ನೀವು ಬಿಟ್ಟ ಉಸಿರಿನಲ್ಲಿ ಪ್ರಯೋಜನವೇನು ಎಂದು ಕೇಳುವವರಿದ್ದಾರೆ. ನಾವು ಒಳಗೆ ತೆಗೆಯುವ ಗಾಳಿಯಲ್ಲಿ ಶೇ. 21ರಷ್ಟು ಆಮ್ಲಜನಕ, ಹೊರಗೆ ಬಿಡುವುದರಲ್ಲಿ ಇನ್ನೂ ಶೇ. 16ರಷ್ಟು ಉಳಿದಿರುತ್ತದೆ. ನೀರಿನಲ್ಲಿ ಮುಳುಗಿದವರಿಗೆ ಆ ಉಸಿರೇ ಮೊದಲ ಮದ್ದು, ಅವರಿಗೆ ಉಸಿರು ಕೊಟ್ಟೇ ಶುರು ಮಾಡಬೇಕು.

ಎರಡು ನಿಮಿಷಕ್ಕೆ ಕೈ ಸೋಲುತ್ತದೆ, ಗಟ್ಟಿಮುಟ್ಟಾದವರಿಗೂ. ಆಗ ಅತ್ತೆ ಎದ್ದು ಸೊಸೆ, ಸೊಸೆ ಎದ್ದು ಮೊಮ್ಮಗಳು. ಪಕ್ಕೆಲುಬು 'ಟಕ್' ಎನ್ನಬಹುದು. ನಿಲ್ಲಿಸಬೇಡಿ. ಎಲುಬು ಕೂಡುತ್ತದೆ. ಒಂದು ಗಟ್ಟಿ ದಿಂಬನ್ನು ನೆಲದ ಮೇಲಿಟ್ಟು ಇಂದೇ ಎರಡು ನಿಮಿಷ ಒತ್ತಿ ನೋಡಿ, ಎಷ್ಟು ಕಷ್ಟ ಎಂಬುದು ಗೊತ್ತಾಗುತ್ತದೆ.

ಬಿದ್ದವರು ಅನ್ಯ ಹೆಂಗಸಾದರೆ, ಗಂಡಸಾದರೆ? ಈ ಸಂಕೋಚ ನಮ್ಮಲ್ಲಿ ಮಾತ್ರ ಇರುವುದಲ್ಲ. ಸಾರ್ವಜನಿಕ ಜಾಗದಲ್ಲಿ ಕುಸಿದು ಬೀಳುವ ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಸಲ ಎದೆ ಒತ್ತುವ ನೆರವು ಸಿಗುತ್ತದೆ ಎಂದು ಅಮೆರಿಕದ ಅಧ್ಯಯನಗಳೇ ಹೇಳಿವೆ. ಪ್ರಾಣಾಪಾಯದ ಹೊತ್ತಿನಲ್ಲಿ ಅಡ್ಡಿಗಳು ಸಡಿಲವಾಗುತ್ತವೆ ಎಂಬುದು ನಮ್ಮ ಕರ್ಮಶಾಸ್ತ್ರದ ಪ್ರಸಿದ್ಧ ತತ್ವ. ನಮಾಝ್‌ನ ಸಾಲಿನಲ್ಲಿ ಪಕ್ಕದವರು ಕುಸಿದರೆ ನಮಾಝ್ ಮುರಿದು ನೆರವಾಗಬೇಕೆಂದೂ ಉಲಮಾಗಳು ಹೇಳಿದ್ದಾರೆ. ಆದರೂ ಜುಮುಅದ ದಿನ ಯಾರಾದರೂ ಬಿದ್ದರೆ ಸುತ್ತ ಐವತ್ತು ಜನ ಬಗ್ಗಿ ನೋಡುತ್ತಾರೆ, ಗಾಳಿಯೂ ಸಿಗದ ಹಾಗೆ. ಪ್ರತಿ ಮಸೀದಿಯಲ್ಲಿ ನಾಲ್ಕು ಯುವಕರಿಗೆ, ಪ್ರತಿ ಮದ್ರಸದಲ್ಲಿ ನಾಲ್ವರು ಅಧ್ಯಾಪಕರಿಗೆ ಇದನ್ನು ಗೊಂಬೆಯ ಮೇಲೆ ಒಂದು ಮಧ್ಯಾಹ್ನ ಕಲಿಸಿದರೆ ಸಾಕು. ಕಮಿಟಿಯವರು ಮನಸ್ಸು ಮಾಡಬೇಕು. ಕಾರ್ಪೆಟ್‌ಗೆ ಆಗುವ ಖರ್ಚಿನ ಒಂದು ಮೂಲೆಯೂ ಇದಕ್ಕೆ ಬೇಡ.

ಮಕ್ಕಳ ಗಂಟಲಲ್ಲಿ ಏನಾದರೂ ಸಿಕ್ಕಿದರೆ: ಒಂದು ವರ್ಷದೊಳಗಿನ ಮಗುವನ್ನು ನಿಮ್ಮ ಮುಂಗೈ ಮೇಲೆ ಬೋರಲು ಹಾಕಿ, ತಲೆ ಸ್ವಲ್ಪ ಕೆಳಗಿರಲಿ, ಬೆನ್ನಿನ ಮೇಲ್ಭಾಗಕ್ಕೆ 5 ತಟ್ಟು. ಹೊರಬರದಿದ್ದರೆ ಮಗುಚಿ ಎದೆಯ ಮಧ್ಯೆ 5 ಒತ್ತು. ದೊಡ್ಡವರಿಗಾದರೆ ಬೆನ್ನಿಗೆ 5, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಗಡೆ ಒಳಕ್ಕೂ ಮೇಲಕ್ಕೂ 5. ಗರ್ಭಿಣಿಗೆ ಹೊಟ್ಟೆ ಬದಲು ಎದೆ. ಕೆಮ್ಮಲು ಆಗುವವರನ್ನು ಕೆಮ್ಮಲು ಬಿಡಿ. ಕಾಣದ್ದನ್ನು ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ.

ರಕ್ತ, ಹಾವು, ಸಕ್ಕರೆ

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಮೂರು ಕಿಲೋ ತೂಕದ ಹಸುಗೂಸಿನಲ್ಲಿ ಕಾಲು ಲೀಟರಿನಷ್ಟು ಮಾತ್ರ, ಹಾಗಾಗಿ ಮಗುವಿನ ರಕ್ತಸ್ರಾವ ಎಂದೂ 'ಸ್ವಲ್ಪ' ಅಲ್ಲ. ಶುದ್ಧ ಬಟ್ಟೆ ಇಟ್ಟು ನೇರ ಒತ್ತಿ ಹಿಡಿಯಿರಿ. ನೆನೆದರೆ ತೆಗೆಯದೆ ಅದರ ಮೇಲೆ ಇನ್ನೊಂದು ಇಡಿ. ಕಾಫಿ ಪುಡಿ, ಅರಿಶಿನ, ಸುಣ್ಣ ಯಾವುದೂ ಬೇಡ. ಕೈಗೆ ಗ್ಲೌಸ್ ಇಲ್ಲದಿದ್ದರೆ ಶುದ್ಧವಾದ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ, ಕೆಲಸ ಮುಗಿದ ಮೇಲೆ ಸಾಬೂನಿನಲ್ಲಿ ಕೈ ತೊಳೆಯಿರಿ. ಇಎಂಟಿಗಳು ಗಮನಿಸುವ ಇನ್ನೊಂದು ಸೂಕ್ಷ್ಮ: ಯುವಕರಲ್ಲಿ ರಕ್ತ ಹೋಗುತ್ತಿದ್ದರೂ ಬಿಪಿ ಬಹಳ ಹೊತ್ತು ಸರಿಯಾಗಿಯೇ ಇರುತ್ತದೆ. ಮೊದಲು ಏರುವುದು ನಾಡಿ, ಮೊದಲು ಬಿಳಿಚುವುದು ಮುಖ, ಮೊದಲು ತಣ್ಣಗಾಗುವುದು ಕೈಕಾಲು. 'ಬೈಕಿಂದ ಬಿದ್ದ, ಎದ್ದು ಕೂತ, ಏನೂ ಆಗಿಲ್ಲ' ಎನ್ನುವ ಹುಡುಗನ ಕೈ ತಣ್ಣಗಿದ್ದರೆ ನಂಬಬೇಡಿ.

ಹಾವಿನ ಬಗ್ಗೆ ಚುಟುಕಾಗಿ ಹೇಳುವುದು ಕಷ್ಟ, ಆದರೂ. ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ, ಬಾವು ಬಂದ ಮೇಲೆ ತೆಗೆಯಲಾಗದು. ಕಚ್ಚಿದ ಕೈಕಾಲನ್ನು ಹಲಗೆ ಇಟ್ಟು ಅಲುಗದಂತೆ ಮಾಡಿ, ನಡೆಸದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹಾವನ್ನು ಹುಡುಕಿ ಕೊಲ್ಲಲು ಹೋಗಬೇಡಿ, ಎರಡನೇ ಕಡಿತ ಆಗುವುದು ಆಗಲೇ. ಕಡಂಬಳದ ಹಾವು ರಾತ್ರಿ ಮಲಗಿದವರನ್ನು ಕಚ್ಚಿದರೆ ನೋವೇ ಇರದು, ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಎತ್ತಲಾಗದ ಸ್ಥಿತಿ. ನೆಲದಲ್ಲಿ ಮಲಗುವವರಿಗೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ನಾಟಿ ಮದ್ದಿನ ಮನೆಯ ಮುಂದೆ ಕಳೆದ ಒಂದು ಗಂಟೆಯನ್ನು ಯಾವ ವೈದ್ಯರೂ ತಿರುಗಿ ಕೊಡಲಾರರು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ.

ರಮಝಾನ್‌ನಲ್ಲಿ ಅಸರ್‌ನಿಂದ ಮಗ್ರಿಬ್‌ವರೆಗಿನ ಹೊತ್ತು ಸಕ್ಕರೆ ಕಾಯಿಲೆಯವರಿಗೆ ಅಪಾಯದ್ದು. ನಡುಕ, ಬೆವರು, ಸುಮ್ಮನೆ ಸಿಟ್ಟು, ತೊದಲು ಮಾತು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು ಎಂಬುದು ವೈದ್ಯರ ಮಾರ್ಗಸೂಚಿ. ಬೆರಳಿಗೆ ಸೂಜಿ ಚುಚ್ಚಿ ನೋಡಿದರೆ ಉಪವಾಸ ಮುರಿಯುವುದಿಲ್ಲ. 'ಇನ್ನು ಅರ್ಧ ಗಂಟೆ ಅಲ್ವಾ' ಎಂದು ಹಿರಿಯರು ಹಠ ಹಿಡಿಯುತ್ತಾರೆ. ಆ ಅರ್ಧ ಗಂಟೆಯಲ್ಲಿ ಪ್ರಜ್ಞೆ ತಪ್ಪಿದರೆ ಆಮೇಲೆ ಖರ್ಜೂರವನ್ನೂ ಕೊಡಲಾಗದು. ತೊದಲು ಮಾತಿನ ಜೊತೆ ಬಾಯಿ ಒಂದು ಕಡೆ ಸೊಟ್ಟಗಾಗಿ, ಒಂದು ಕೈ ಎತ್ತಲಾಗದಿದ್ದರೆ ಅದು ಪಾರ್ಶ್ವವಾಯು. ಶುರುವಾದ ಗಂಟೆಯನ್ನು ಬರೆದಿಟ್ಟು ಹೊರಡಿ. ಹೆಪ್ಪು ಕರಗಿಸುವ ಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ. ಅಷ್ಟರೊಳಗೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆ ಮುಟ್ಟಬೇಕು.

ಫೋನ್ ಎತ್ತಿದಾಗ

108ಕ್ಕೆ ಕರೆ ಮಾಡಿದಾಗ ಅಳು ಬಂದೇ ಬರುತ್ತದೆ. ಆದರೂ ಮೊದಲು ಹೇಳಬೇಕಾದದ್ದು ಜಾಗ. ಊರು, ತಾಲೂಕು, ಹತ್ತಿರದ ಮಸೀದಿ ಅಥವಾ ಶಾಲೆ, ಹೆದ್ದಾರಿಯ ಯಾವ ಬದಿ, ರೈಲುಹಳಿ ದಾಟಬೇಕೇ. ನಮ್ಮ ಕಡೆ ಕೊಂಕಣ ರೈಲು ಊರನ್ನು ಸೀಳಿಕೊಂಡು ಹೋಗಿರುವುದರಿಂದ ಈ ಕೊನೆಯದನ್ನು ಮರೆಯಬೇಡಿ. ಆಮೇಲೆ ಏನಾಗಿದೆ, ಎಚ್ಚರವಿದೆಯೇ, ಉಸಿರಿದೆಯೇ. ಅವರು ಇಡುವ ಮೊದಲು ನೀವು ಫೋನ್ ಇಡಬೇಡಿ. ಮೊಮ್ಮಗಳನ್ನು ನೆರೆಯವರ ಜೊತೆ ಟಾರ್ಚ್ ಕೊಟ್ಟು ರಸ್ತೆಗೆ ಕಳಿಸಿ, ನಾಯಿ ಕಟ್ಟಿ, ಗೇಟು ತೆರೆದಿಡಿ.

ಇಎಂಟಿ ಬಂದು ಕೇಳುವ ಪ್ರಶ್ನೆಗಳು ಎಲ್ಲ ಕಡೆ ಒಂದೇ. ತೊಂದರೆ ಏನು, ಯಾವಾಗಿಂದ, ಯಾವ ಮದ್ದಿಗೆ ಅಲರ್ಜಿ, ದಿನವೂ ತಗೊಳ್ಳುವ ಮಾತ್ರೆ ಯಾವುದು, ಹಿಂದಿನ ಕಾಯಿಲೆ, ಕೊನೆಗೆ ಊಟ ಮಾಡಿದ್ದು ಯಾವಾಗ, ಆಗ ಏನು ಮಾಡುತ್ತಿದ್ದರು. ಇದಕ್ಕೆ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. 'ಬಿಳಿ ಮಾತ್ರೆ ಒಂದು, ಗುಲಾಬಿ ಒಂದು' ಎಂಬ ಉತ್ತರವನ್ನು ನರ್ಸಿಂಗ್ ಕೆಲಸದ ದಿನಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ರಸ್ತೆಯ ಗಾಯಾಳುವಿಗೆ ನೆರವಾದರೆ ಪೊಲೀಸ್, ಕೋರ್ಟು ಎಂಬ ಹೆದರಿಕೆ ಇನ್ನೂ ಇದೆ. ಅದಕ್ಕೆ ಈಗ ಆಧಾರವಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಮಾರ್ಗಸೂಚಿ, ಕರ್ನಾಟಕದ್ದೇ ಆದ ಕಾಯ್ದೆ, 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಬಂದ 134ಎ ಕಲಂ, ಮೂರೂ ನೆರವಾದವರನ್ನು ರಕ್ಷಿಸುತ್ತವೆ. ಹೆಸರು ಹೇಳುವಂತೆ ನಿಮ್ಮನ್ನು ಒತ್ತಾಯಿಸುವಂತಿಲ್ಲ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ತುಂಡಾಗಿಯೂ ಕಣ್ಣು ದಾನ ಮಾಡಿ ಎಂದು ಕೇಳಿಕೊಂಡ ಯುವಕ ಹರೀಶ್ ನಂಜಪ್ಪ ಅವರ ಹೆಸರಿನಲ್ಲಿ ರಾಜ್ಯ ಸರಕಾರ ಅಪಘಾತದ ಗಾಯಾಳುಗಳ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗಿನ ಯೋಜನೆ ತಂದಿತು. 2025ರಿಂದ ಕೇಂದ್ರದ ಯೋಜನೆಯಲ್ಲಿ ನಿಗದಿತ ಆಸ್ಪತ್ರೆಗಳಲ್ಲಿ 7 ದಿನ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಇದೆ. ಹಣವಿಲ್ಲ ಎಂದು ಗಾಯಾಳುವನ್ನು ಹೊರಗೆ ನಿಲ್ಲಿಸಿದರೆ ಈ ಮಾತು ಹೇಳಿ.

ಇನ್ನು ಮಕ್ಕಳ ಮಾತು. ಪಿಯುಸಿ ಮುಗಿಸಿ ಎಂಬಿಬಿಎಸ್ ಸೀಟು ಸಿಗಲಿಲ್ಲ ಎಂದು ಮೂಲೆ ಹಿಡಿದು ಕೂತ ಮಗ ಮಗಳು ಎಷ್ಟು ಮನೆಗಳಲ್ಲಿ! ವಿಜ್ಞಾನ ಓದಿದವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಡಿ ತುರ್ತು ಮತ್ತು ಅಪಘಾತ ಚಿಕಿತ್ಸಾ ತಂತ್ರಜ್ಞಾನದ ಬಿ.ಎಸ್ಸಿ. ಪದವಿ ಇದೆ. ನರ್ಸಿಂಗ್ ಮುಗಿಸಿದವರನ್ನು ತೆಗೆದುಕೊಂಡು ತರಬೇತಿ ಕೊಟ್ಟು 108ರಲ್ಲಿ ಇಎಂಟಿ ಮಾಡುವುದೂ ಇದೆ. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕೇಂದ್ರ ಕಾಯ್ದೆಯಲ್ಲಿ ಈ ವೃತ್ತಿಗೆ ಹೆಸರಿಟ್ಟು ಮಾನ್ಯತೆ ಸಿಕ್ಕಿದೆ. ಕೆಲಸ ಸುಲಭದ್ದಲ್ಲ. ರಾತ್ರಿ ಪಾಳಿ, ವಾಂತಿ, ರಕ್ತ, ದಾರಿಯಲ್ಲೇ ಹೆರಿಗೆ, ಕೆಲವೊಮ್ಮೆ ಕುಡಿದವರ ಬೈಗುಳ. ಸಂಬಳವೂ ಕೆಲಸದ ಭಾರಕ್ಕೆ ತಕ್ಕಷ್ಟಿಲ್ಲ, ಅದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ. ಗಲ್ಫ್‌ಗೆ ಹೋಗುವ ಯೋಚನೆ ಇದ್ದರೆ ಅಲ್ಲಿನ ಆರೋಗ್ಯ ಇಲಾಖೆಯ ಲೈಸೆನ್ಸ್ ಪರೀಕ್ಷೆ ಬೇರೆಯೇ ಬರೆಯಬೇಕು. ಆದರೆ ಹೆರಿಗೆ ನೋವಿನಲ್ಲಿ ಆಂಬುಲೆನ್ಸ್ ಹತ್ತಿದ ನಮ್ಮ ಹೆಣ್ಣುಮಕ್ಕಳಿಗೆ ಒಳಗೆ ಒಬ್ಬ ಹೆಣ್ಣು ಇಎಂಟಿ ಸಿಕ್ಕಿದರೆ ಎಷ್ಟು ಧೈರ್ಯ ಎಂದು ಹಡೆದವರನ್ನೇ ಕೇಳಿ.

ಮೂರು ತಿಂಗಳಲ್ಲಿ ಸರ್ಟಿಫಿಕೇಟ್, ಕೈತುಂಬ ಸಂಬಳ ಎಂದು ಗೋಡೆಗೆ ಪೋಸ್ಟರ್ ಅಂಟಿಸುವ ಸಂಸ್ಥೆಗಳ ಬಗ್ಗೆ ಎಚ್ಚರ. ಫೀಸು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ಮಾನ್ಯತೆ ಯಾವ ವಿಶ್ವವಿದ್ಯಾಲಯದ್ದು ಅಥವಾ ಮಂಡಳಿಯದ್ದು, ಯಾವ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಎಷ್ಟು ಗಂಟೆ ನಿಲ್ಲಿಸುತ್ತೀರಿ, ಕಲಿಯಲು ಎದೆ ಒತ್ತುವ ಗೊಂಬೆ ಎಷ್ಟಿವೆ. ಮೂರನೆಯದಕ್ಕೆ ಉತ್ತರಿಸದೆ ಕಂಪ್ಯೂಟರ್ ಲ್ಯಾಬ್ ತೋರಿಸಲು ಎದ್ದರೆ ನೀವೂ ಎದ್ದು ಬನ್ನಿ.